ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕಣ್ಣಿಗೆ ಕೈ ಹೋಗುವ ಮುನ್ನ

ಕಣ್ಣಿನ ಆರೈಕೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೋಲಾರ ಜಿಲ್ಲೆಯ ತಾಲ್ಲೂಕುಗಳವು. ನಾನು ಕೆಲಸ ಮಾಡುವುದೂ ಇದೇ ಜಿಲ್ಲೆಯಲ್ಲಿ ಆದ್ದರಿಂದ ಅವುಗಳನ್ನು ಓದುವಾಗ, ನನ್ನ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತವರ ಮಾತುಗಳೇ ಕಿವಿಗೆ ಬಿದ್ದಂತಾಯಿತು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಏಳಕ್ಕೆ ಇಳಿಸಿದ್ದೇನೆ. ಕಣ್ಣನ್ನು ನೋಡದೆ ಬರೆದ ಉತ್ತರಗಳು ಇವು ಎಂಬುದನ್ನು ಓದುಗರು ಮರೆಯಬಾರದಾಗಿ ಕೋರಿಕೆ.

ಪ್ರಶ್ನೆ: ರಾಗಿ ತೂರುವಾಗ ಬಲಗಣ್ಣಿಗೆ ಹೊಟ್ಟು ಬಿತ್ತು. ಉಜ್ಜಿಕೊಂಡು, ಪಂಚೆಯ ತುದಿಯಿಂದ ತೆಗೆದೆ. ಕಣ್ಣು ಕೆಂಪಾಗಿದ್ದರಿಂದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಒಂದು ಡ್ರಾಪ್ಸ್ ತಂದು ಹಾಕಿದೆ. ಎರಡು ದಿನ ಆರಾಮವಿತ್ತು. ಈಗ ವಾರವಾಗಿದೆ, ಬೆಳಕನ್ನು ನೋಡಲು ಆಗುತ್ತಿಲ್ಲ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇದೆ ಎಂದು ಮಗ ಹೇಳುತ್ತಾನೆ. ಅದೇ ಡ್ರಾಪ್ಸ್ ಮುಂದುವರಿಸಲೇ?
— ರೈತರೊಬ್ಬರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಮುಂದುವರಿಸಬಾರದು. ಸಂಚಿಕೆ ಅಚ್ಚಾಗುವವರೆಗೆ ಕಾಯುವಂಥ ವಿಷಯ ಇದಲ್ಲವಾದ್ದರಿಂದ, ಪತ್ರ ತಲುಪಿದ ದಿನವೇ ನಿಮಗೆ ಫೋನ್ ಮಾಡಿಸಿ ಆಸ್ಪತ್ರೆಗೆ ಹೋಗುವಂತೆ ಹೇಳಿದ್ದೇವೆ. ಇಲ್ಲಿ ಬರೆಯುತ್ತಿರುವುದು ಮುಂದಿನ ಸುಗ್ಗಿಯಲ್ಲಿ ಇದೇ ಹಾದಿ ಹಿಡಿಯಬಹುದಾದ ಉಳಿದವರಿಗಾಗಿ.

ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಪಾರದರ್ಶಕವಾಗಿರುವ ಪದರವೇ ಕಾರ್ನಿಯಾ. ಅದರಲ್ಲಿ ರಕ್ತನಾಳಗಳಿಲ್ಲ; ಇದ್ದಿದ್ದರೆ ನಮಗೆ ಲೋಕ ಸ್ಪಷ್ಟವಾಗಿ ಕಾಣುತ್ತಲೇ ಇರಲಿಲ್ಲ. ಧೂಳಿನಿಂದಾದ ಸಣ್ಣ ಗೀರು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನೇ ಮಾಯುತ್ತದೆ. ಆದರೆ ಹೊಟ್ಟು, ಹುಲ್ಲು, ಎಲೆ, ಕಡ್ಡಿ ಇವುಗಳ ಜೊತೆಯಲ್ಲಿ ಶಿಲೀಂಧ್ರದ ಬೀಜಕಣಗಳೂ ಬರುತ್ತವೆ. ಕಣ್ಣನ್ನು ಉಜ್ಜಿದಾಗ ಗೀರು ಆಳವಾಗಿ, ಆ ಕಣಗಳು ಅಲ್ಲಿ ಬೇರೂರಿ ಹುಣ್ಣಾಗುತ್ತದೆ. ನಿಮ್ಮ ಮಗನಿಗೆ ಕಂಡ ಬಿಳಿ ಚುಕ್ಕೆ ಬಹುಶಃ ಅದೇ. ಇಷ್ಟಾದ ಮೇಲೂ ಎರಡು ದಿನ ಆರಾಮವೆನಿಸಿದ್ದೇಕೆ ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ಕೆಂಪು ಇಳಿಸಲೆಂದು ಅಂಗಡಿಯಲ್ಲಿ ಕೊಡುವ ಡ್ರಾಪ್ಸ್‌ಗಳಲ್ಲಿ ಹಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ದೇಹವು ಸೋಂಕಿನ ವಿರುದ್ಧ ನಡೆಸುವ ಹೋರಾಟವನ್ನೇ ತಣ್ಣಗಾಗಿಸುವುದರಿಂದ ಕೆಂಪು ಕಡಿಮೆಯಾಗುತ್ತದೆ, ನೋವೂ ತಗ್ಗುತ್ತದೆ, ಇತ್ತ ಶಿಲೀಂಧ್ರ ಯಾರ ಅಡ್ಡಿಯೂ ಇಲ್ಲದೆ ಬೆಳೆಯುತ್ತದೆ. ಕಾವಲು ನಾಯಿಯ ಬಾಯಿ ಕಟ್ಟಿದರೆ ಬೊಗಳು ನಿಲ್ಲುತ್ತದೆಯೇ ಹೊರತು ಕಳ್ಳ ಹೋಗುವುದಿಲ್ಲ. ಹುಣ್ಣು ವಾಸಿಯಾದರೂ ಆ ಜಾಗದಲ್ಲಿ ಬಿಳಿಯ ಕಲೆ ಉಳಿಯಬಹುದು, ಮತ್ತು ಕಲೆ ಕಣ್ಣಿನ ನಡುಭಾಗದಲ್ಲಿದ್ದರೆ ಕನ್ನಡಕ ಹಾಕಿದರೂ ಮಂಜು ಹೋಗುವುದಿಲ್ಲ.

ಕಣ್ಣಿಗೆ ಏನಾದರೂ ಬಿದ್ದ ಕೂಡಲೇ ಮಾಡಬೇಕಾದದ್ದು ಬಹಳ ಸರಳ. ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಚೊಂಬಿನಲ್ಲಿ ಕುಡಿಯುವ ನೀರನ್ನು ತೆಗೆದುಕೊಂಡು, ತಲೆಯನ್ನು ಆ ಕಣ್ಣಿನ ಕಡೆಗೇ ವಾಲಿಸಿ, ಮೂಗಿನ ಬದಿಯಿಂದ ಕಿವಿಯ ಕಡೆಗೆ ಹರಿಯುವಂತೆ ಮೆಲ್ಲನೆ ಹೊಯ್ಯುತ್ತ ರೆಪ್ಪೆ ಮಿಟುಕಿಸಿ. ಬಹುಪಾಲು ಕಸ ಅಷ್ಟರಲ್ಲೇ ಹೊರಬರುತ್ತದೆ. ಬಾರದಿದ್ದರೆ ಮೇಲಿನ ರೆಪ್ಪೆಯ ಒಳಗೆ ಅಂಟಿಕೊಂಡಿರಬಹುದು, ಅದನ್ನು ಮಗುಚಿ ತೆಗೆಯುವುದು ವೈದ್ಯರ ಕೆಲಸ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಯಾರ ಕಣ್ಣಿಗೆ ಏನೇ ಬೀಳಲಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾಲಿಗೆಯ ತುದಿಯಿಂದ ಸವರಿ ತೆಗೆದು, ಬೆರಳ ಮೇಲಿಟ್ಟು ತೋರಿಸುತ್ತಿದ್ದರು. ಅವರ ತೊಡೆಯ ಮೇಲೆ ನಾನೂ ಮಲಗಿದ್ದೇನೆ. ಆ ವಾತ್ಸಲ್ಯಕ್ಕೆ ಇವತ್ತಿಗೂ ಋಣಿ. ಆದರೆ ಬಾಯಿಯಲ್ಲಿರುವಷ್ಟು ಬ್ಯಾಕ್ಟೀರಿಯಾ ಹೊಟ್ಟಿನಲ್ಲೂ ಇರುವುದಿಲ್ಲ ಎಂಬುದು ಓದಿದ ಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆಗೂ ಕಿರುಕುಳ ನಿಲ್ಲದಿದ್ದರೆ, ಬೆಳಕು ಚುಚ್ಚಿದರೆ ಅಥವಾ ದೃಷ್ಟಿ ಮಸುಕಾದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಈಗಾಗಲೇ ಹಾಕಿದ ಡ್ರಾಪ್ಸ್‌ನ ಬಾಟಲಿಯನ್ನು ತಪ್ಪದೆ ಜೊತೆಯಲ್ಲಿ ಒಯ್ಯಿರಿ. ಬೈಯುತ್ತಾರೆಂದು ಅದನ್ನು ಮನೆಯಲ್ಲೇ ಬಿಟ್ಟು ಬರುವವರು ಎಷ್ಟೋ ಮಂದಿ.

ಇನ್ನು ತೂರುವಾಗ, ಔಷಧ ಸಿಂಪಡಿಸುವಾಗ, ಟೊಮೆಟೊ ಬಿಡಿಸುವಾಗ ಪವರ್ ಇಲ್ಲದ ಅಗಲವಾದ ಒಂದು ಕನ್ನಡಕವಿದ್ದರೆ ಸಾಕು. ಟೊಮೆಟೊ ತೋಟವನ್ನು ವಿಶೇಷವಾಗಿ ಹೇಳಲು ಕಾರಣವಿದೆ. ಗಿಡಕ್ಕೆ ಆಸರೆಯಾಗಿ ನೆಟ್ಟ ನೀಲಗಿರಿ ಕಡ್ಡಿಯ ತುದಿ, ಬಗ್ಗಿ ಕಾಯಿ ಕೀಳುವವರ ಕಣ್ಣಿಗೆ ನೇರವಾಗಿ ಇರುತ್ತದೆ. ಎದುರಿನಿಂದ ನೋಡಿದಾಗ ಕಡ್ಡಿ ಉದ್ದವಾಗಿ ಕಾಣದೆ ಬರೀ ಚುಕ್ಕೆಯಂತೆ ಕಾಣುವುದರಿಂದ ಎಷ್ಟು ಹತ್ತಿರವಿದೆ ಎಂಬ ಅಂದಾಜು ಸಿಗುವುದಿಲ್ಲ. ಡಾಂಬರು ರಸ್ತೆಯ ಮೇಲೆ ರಾಗಿ ಹರಡುವ ದಿನಗಳಲ್ಲಿ ಬೈಕಿನಲ್ಲಿ ಹೋಗುವವರು ಹೆಲ್ಮೆಟ್ಟಿನ ಗಾಜನ್ನು ಇಳಿಸಿಕೊಳ್ಳುವುದೂ ಒಳ್ಳೆಯದು.

ಪ್ರಶ್ನೆ: ಮಗುವಿಗೆ ಮೂರು ತಿಂಗಳು. ಹುಟ್ಟಿದಾಗಿನಿಂದ ಎಡಗಣ್ಣಲ್ಲಿ ನೀರು ಸುರಿಯುತ್ತದೆ, ಬೆಳಿಗ್ಗೆ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತದೆ. ಹರಳೆಣ್ಣೆ ಬಿಡಬೇಕು, ಎದೆಹಾಲು ಹಾಕಬೇಕು, ಮನೆಯಲ್ಲೇ ಮಾಡಿದ ಕಾಡಿಗೆ ಹಚ್ಚಿದರೆ ಕಣ್ಣು ದೊಡ್ಡದಾಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?
— ಗೃಹಿಣಿ, ಮುಳಬಾಗಿಲು

ಉತ್ತರ: ಕಣ್ಣೀರು ಮೂಗಿನೊಳಕ್ಕೆ ಇಳಿಯುವ ಒಂದು ಸಣ್ಣ ನಾಳವಿದೆ. ಕೆಲವು ಶಿಶುಗಳಲ್ಲಿ ಅದರ ಕೆಳತುದಿಯ ತೆಳುಪೊರೆ ಹುಟ್ಟಿದ ಮೇಲೂ ತೆರೆದಿರುವುದಿಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ವರ್ಷ ತುಂಬುವುದರೊಳಗೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ಎಣ್ಣೆ ಬಿಟ್ಟವರ ಮನೆಯಲ್ಲೂ ತೆರೆದುಕೊಳ್ಳುತ್ತದೆ, ಬಿಡದವರ ಮನೆಯಲ್ಲೂ ತೆರೆದುಕೊಳ್ಳುತ್ತದೆ. ಆದರೆ ಬಿಟ್ಟವರ ಮನೆಯಲ್ಲಿ ಕೀರ್ತಿ ಎಣ್ಣೆಗೆ ಸಲ್ಲುತ್ತದೆ. ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಕಿರುಬೆರಳಿನಿಂದ ಒತ್ತಿ, ಮೂಗಿನ ಬದಿಯಲ್ಲಿ ಕೆಳಮುಖವಾಗಿ ಜಾರಿಸುವ ಮಾಲೀಸು ನೆರವಾಗುತ್ತದೆ. ಎಷ್ಟು ಒತ್ತಬೇಕೆಂಬುದನ್ನು ವೈದ್ಯರ ಮುಂದೆ ಒಮ್ಮೆ ಮಾಡಿ ಕಲಿಯಿರಿ, ಉಗುರು ಕತ್ತರಿಸಿಕೊಂಡಿರಿ. ಗೀಜನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪ್ರತಿ ಸಲವೂ ಹೊಸ ಹತ್ತಿಯನ್ನು ಬಳಸಿ.

‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು’ ನಮ್ಮ ಭಾಷೆಯ ಸೊಗಸಾದ ನುಡಿಗಟ್ಟು. ಅದು ನುಡಿಗಟ್ಟಾಗಿಯೇ ಇರಲಿ. ಎದೆಹಾಲು ಮಗುವಿನ ಹೊಟ್ಟೆಗೆ ಅಮೃತ, ಆದರೆ ಅದರಲ್ಲಿರುವ ಸಕ್ಕರೆಯ ಅಂಶ ಕಣ್ಣಿನಲ್ಲಿ ನಿಂತರೆ ರೋಗಾಣುಗಳಿಗೂ ಆಹಾರವಾಗುತ್ತದೆ. ಕಾಡಿಗೆಯಿಂದ ಕಣ್ಣು ದೊಡ್ಡದಾಗುವುದಿಲ್ಲ. ಬೆರಳಿನ ಕೊಳೆ, ದೀಪದ ಮಸಿ ಮತ್ತು ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸಿಗುವ ಸೀಸ ಮಗುವಿನ ಕಣ್ಣಿಗೆ ಬೇಡ. ಅತ್ತೆಯವರ ಮನಸ್ಸಿಗೆ ನೋವಾಗದಂತೆ ಹೇಳುವ ದಾರಿಯೂ ಒಂದಿದೆ: ಅವರ ಕೈಯಿಂದಲೇ ಅಂಗಾಲಿಗೆ ಒಂದು ದೃಷ್ಟಿಬೊಟ್ಟು ಇಡಿಸಿ.

ಇಷ್ಟನ್ನು ಮಾತ್ರ ನೆನಪಿಡಿ. ಹುಟ್ಟಿದ ಮೊದಲ ತಿಂಗಳಲ್ಲಿ ರೆಪ್ಪೆ ಊದಿಕೊಂಡು ಗಟ್ಟಿ ಕೀವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಫ್ಲ್ಯಾಶ್ ಹಾಕಿ ತೆಗೆದ ಫೋಟೊಗಳಲ್ಲಿ ಒಂದು ಕಣ್ಣಿನ ಪಾಪೆ ಮತ್ತೆ ಮತ್ತೆ ಬೆಳ್ಳಗೆ ಹೊಳೆಯುತ್ತಿದ್ದರೂ ತಡಮಾಡದೆ ತೋರಿಸಬೇಕು. ಹುಟ್ಟು ಪೊರೆಯಿಂದ ಹಿಡಿದು ಕಣ್ಣಿನೊಳಗಿನ ಗಡ್ಡೆಯವರೆಗೆ ಯಾವುದಕ್ಕೂ ಅದು ಸೂಚನೆಯಾಗಿರಬಹುದು.

ಪ್ರಶ್ನೆ: ಹನ್ನೊಂದು ವರ್ಷದ ಮಗಳ ಕನ್ನಡಕದ ನಂಬರು ಒಂದೇ ವರ್ಷದಲ್ಲಿ ಮೈನಸ್ 1.5ರಿಂದ ಮೈನಸ್ 2.5ಕ್ಕೆ ಏರಿದೆ. ಸದಾ ಹಾಕಿದರೆ ಕಣ್ಣು ಕನ್ನಡಕಕ್ಕೆ ಒಗ್ಗಿ ನಂಬರು ಇನ್ನೂ ಏರುತ್ತದೆ ಎಂದು ಬಂಧುಗಳು ಹೇಳುತ್ತಾರೆ. ಮೊಬೈಲೇ ಇದಕ್ಕೆಲ್ಲ ಕಾರಣವೇ?
— ತಂದೆ, ಮಾಲೂರು

ಉತ್ತರ: ಕನ್ನಡಕದಿಂದ ನಂಬರು ಏರುವುದಿಲ್ಲ. ಸಮೀಪದೃಷ್ಟಿಯಲ್ಲಿ ಕಣ್ಣುಗುಡ್ಡೆಯೇ ಹಿಂದುಮುಂದಾಗಿ ಉದ್ದ ಬೆಳೆಯುತ್ತದೆ. ಮಗು ಬೆಳೆಯುವ ವಯಸ್ಸಿನಲ್ಲಿ ಅದೂ ಬೆಳೆಯುವುದರಿಂದ ನಂಬರು ಏರುತ್ತದೆ. ಚಪ್ಪಲಿ ಹಾಕಿದ್ದರಿಂದಲೇ ಮಗುವಿನ ಪಾದ ದೊಡ್ಡದಾಯಿತು ಎಂದು ಯಾರೂ ಹೇಳುವುದಿಲ್ಲವಲ್ಲ. ಕನ್ನಡಕ ಹಾಕದಿದ್ದರೆ ಆಗುವುದಿಷ್ಟೇ: ಕಪ್ಪುಹಲಗೆ ಕಾಣದ ಮಗುವಿಗೆ ದಡ್ಡಿ ಎಂಬ ಹೆಸರು ಬರುತ್ತದೆ.

ಬೆಳವಣಿಗೆಯ ಈ ವೇಗಕ್ಕೆ ಕಡಿವಾಣ ಹಾಕಲು ನಾವು ಮಾಡಬಹುದಾದ ಕೆಲವು ಕೆಲಸಗಳಿವೆ. ಹಗಲಿನಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ಬಯಲಿನಲ್ಲಿ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಶುರುವಾಗುವುದೇ ಕಡಿಮೆ ಎಂಬುದು ಚೆನ್ನಾಗಿ ದೃಢಪಟ್ಟಿದೆ. ಆಟವೇ ಆಗಬೇಕೆಂದಿಲ್ಲ, ಶಾಲೆಗೆ ನಡೆದು ಹೋಗುವುದೂ ಆ ಲೆಕ್ಕಕ್ಕೆ ಸೇರುತ್ತದೆ. ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಟ್ಯೂಷನ್ನಿನ ಕೋಣೆಯಲ್ಲಿ ಕೂರಿಸುವ ನಮ್ಮ ಹೊಸ ಪದ್ಧತಿಯ ಬಗ್ಗೆ ನನಗೆ ತಕರಾರಿರುವುದು ಇದೇ ಕಾರಣಕ್ಕೆ. ಪುಸ್ತಕ ಮತ್ತು ಕಣ್ಣಿನ ನಡುವೆ, ಮುಷ್ಟಿಯನ್ನು ಗಲ್ಲಕ್ಕೆ ಆನಿಸಿದಾಗ ಮೊಣಕೈ ಎಲ್ಲಿಗೆ ಬರುತ್ತದೋ ಅಷ್ಟಾದರೂ ದೂರವಿರಲಿ. ಮೊಬೈಲಿನಲ್ಲಿ ತೊಂದರೆಯಿರುವುದು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುವುದರಲ್ಲಿ ಮತ್ತು ಬಯಲಿನ ಹೊತ್ತನ್ನು ಅದು ತಿಂದುಹಾಕುವುದರಲ್ಲಿ.

ಇನ್ನೊಂದು ತೊಂದರೆ ಒಣಗಣ್ಣು. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ರೆಪ್ಪೆ, ಪರದೆ ನೋಡುವಾಗ ಅದರ ಅರ್ಧಕ್ಕಿಂತಲೂ ಕಡಿಮೆ ಮಿಟುಕುತ್ತದೆ. ಎವೆಯಿಕ್ಕದೆ ನೋಡುವುದೆಂದರೆ ಹಿಂದೆ ಪ್ರೇಮಿಗಳ ಲಕ್ಷಣವಾಗಿತ್ತು. ಈಗ ಅದೇ ಕಣ್ಣುರಿಗೆ ಕಾರಣ. 20 ನಿಮಿಷಕ್ಕೊಮ್ಮೆ 20 ಅಡಿಗಿಂತ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ನಿಯಮ ಕಣ್ಣಿನ ದಣಿವನ್ನು ಆರಿಸುತ್ತದೆ, ನಂಬರನ್ನು ಇಳಿಸುವುದಿಲ್ಲ. ಕೋಲಾರದ ಮಕ್ಕಳಾದರೆ ತಾರಸಿಗೆ ಹೋಗಿ ಅಂತರಗಂಗೆಯ ಬೆಟ್ಟವನ್ನು ನೋಡಲಿ. ವರ್ಷಕ್ಕೆ ಒಂದು ನಂಬರು ಏರುತ್ತಿರುವ ನಿಮ್ಮ ಮಗಳಿಗೆ ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಬೇಕಾಗಬಹುದೇ ಎಂದು ವೈದ್ಯರನ್ನು ಕೇಳಿ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮದ್ರಾಸ್ ಐ ಬಂದವರ ಕಣ್ಣನ್ನು ನೋಡಿದರೆ ನಮಗೂ ಬರುತ್ತದೆಯೇ?
— ವಿದ್ಯಾರ್ಥಿನಿ, ಕೆಜಿಎಫ್

ಉತ್ತರ: ನೋಟದಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ. ಅವರು ಕಣ್ಣು ಒರೆಸಿಕೊಂಡ ಕೈಯಿಂದ ಮುಟ್ಟಿದ ಬಾಗಿಲ ಹಿಡಿ, ಟವೆಲು, ದಿಂಬು, ಬಸ್ಸಿನ ಕಂಬಿ ಇವುಗಳನ್ನು ಮುಟ್ಟಿ ನೀವು ನಿಮ್ಮ ಕಣ್ಣನ್ನು ಉಜ್ಜಿಕೊಳ್ಳಬೇಕು, ಆಗ ಬರುತ್ತದೆ. ಕಪ್ಪು ಕನ್ನಡಕದಿಂದ ರೋಗಿಗೆ ಬೆಳಕಿನ ಚುಚ್ಚು ಕಡಿಮೆಯಾಗುತ್ತದೆ ಅಷ್ಟೇ. ಹೆಚ್ಚಾಗಿ ಇದು ವೈರಸ್ಸಿನಿಂದ ಬರುವಂಥದ್ದು, ಒಂದೆರಡು ವಾರಗಳಲ್ಲಿ ತಾನೇ ಹೋಗುತ್ತದೆ. ನೋವು ಹೆಚ್ಚಾದರೆ ಅಥವಾ ದೃಷ್ಟಿ ಮಂಜಾದರೆ ಮಾತ್ರ ಕಾಯಬಾರದು.

ಪ್ರಶ್ನೆ: ದಿನಾ ಕ್ಯಾರೆಟ್ ಮತ್ತು ಹೊನಗೊನ್ನೆ ಸೊಪ್ಪು ತಿಂದರೆ ಕನ್ನಡಕ ಬಿಡಬಹುದೇ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಬಿಡಲಾಗದು. ವಿಟಮಿನ್ ಎ ಕೊರತೆಯಾದರೆ ಇರುಳುಗಣ್ಣು ಬರುತ್ತದೆ, ಕಾರ್ನಿಯಾ ಒಣಗಿ ಕರಗುವುದೂ ಉಂಟು. ಆ ಕಾರಣಕ್ಕಾಗಿಯೇ ಸರ್ಕಾರ 9 ತಿಂಗಳಿನಿಂದ 5 ವರ್ಷದವರೆಗಿನ ಮಕ್ಕಳಿಗೆ ಒಟ್ಟು 9 ಬಾರಿ ಅದನ್ನು ಕುಡಿಸುತ್ತದೆ. ಕೊರತೆ ಇಲ್ಲದವರು ಎಷ್ಟು ತಿಂದರೂ ಕಣ್ಣುಗುಡ್ಡೆಯ ಉದ್ದ ಬದಲಾಗುವುದಿಲ್ಲ. ಹಾಗೆಂದು ಸೊಪ್ಪನ್ನು ಬಿಡಬೇಡಿ. ನಮ್ಮ ಸೀಮೆಯ ಬೆರಕೆ ಸೊಪ್ಪಿನ ಮಸ್ಸೊಪ್ಪು, ನುಗ್ಗೆ ಸೊಪ್ಪಿನ ಸಾರು, ಪರಂಗಿ, ಕುಂಬಳ, ಹಂಗಾಮಿನಲ್ಲಿ ಮಾವು, ತಿನ್ನುವವರಾದರೆ ಮೊಟ್ಟೆ, ಇಷ್ಟಿದ್ದರೆ ಕ್ಯಾರೆಟ್ಟಿಗೆ ದುಡ್ಡು ಸುರಿಯಬೇಕಾಗಿಲ್ಲ. ಸೊಪ್ಪಿನಲ್ಲಿರುವ ಈ ಸತ್ವ ಮೈಗೆ ಹತ್ತಬೇಕಾದರೆ ಸ್ವಲ್ಪ ಎಣ್ಣೆ ಬೇಕಾದ್ದರಿಂದ ಒಗ್ಗರಣೆಯನ್ನು ಬಿಡಬೇಡಿ. ವಿಟಮಿನ್ ಎ ಮಾತ್ರೆಗಳನ್ನು ಮಾತ್ರ ಸ್ವಂತವಾಗಿ ನುಂಗಬೇಡಿ, ಅದು ಹೆಚ್ಚಾದರೂ ವಿಷವೇ.

ಪ್ರಶ್ನೆ: ನನಗೆ 62 ವರ್ಷ, ಸಕ್ಕರೆ ಕಾಯಿಲೆ ಬಂದು 11 ವರ್ಷವಾಯಿತು. ಜಾತ್ರೆಯಲ್ಲಿ ಕೊಂಡ ಚಾಳೀಸಿನಲ್ಲಿ ಪತ್ರಿಕೆ ಓದುತ್ತಿದ್ದೆ, ಈಚೆಗೆ ಅದೂ ಇಲ್ಲದೆ ಓದಲು ಬರುತ್ತಿದೆ. ಹಾಗಿದ್ದರೂ ಕಣ್ಣು ತೋರಿಸಿ ಎಂದು ಮಗಳು ಹಟ ಹಿಡಿದಿದ್ದಾಳೆ. ಪೊರೆಯಿದ್ದರೆ ಬಲಿಯುವವರೆಗೆ ಕಾಯಬೇಕಲ್ಲವೇ?
— ನಿವೃತ್ತ ಶಿಕ್ಷಕರು, ಬಂಗಾರಪೇಟೆ

ಉತ್ತರ: ಗುರುಗಳೇ, ಮಗಳ ಮಾತು ಕೇಳಿ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಿರುಸಾಗಿ ಹತ್ತಿರದ ಅಕ್ಷರ ಕಾಣದಾಗುವುದರಿಂದ ಚಾಳೀಸು ಬರುತ್ತದೆ. ಅದು ಹಿಂದಕ್ಕೆ ಹೋಗುವ ದೋಷವಲ್ಲ. ಹಾಗಿದ್ದೂ ಅರವತ್ತರ ನಂತರ ಕನ್ನಡಕವಿಲ್ಲದೆ ಓದಲು ಬಂದರೆ, ಕಣ್ಣಿನ ನಡುಭಾಗದಲ್ಲಿ ಪೊರೆ ಗಟ್ಟಿಯಾಗಿ ದೂರದ ನಂಬರು ಮೈನಸ್ಸಿಗೆ ತಿರುಗಿರುವ ಸಾಧ್ಯತೆ ಹೆಚ್ಚು. ಹತ್ತಿರದ ಪತ್ರಿಕೆ ಕಾಣುತ್ತದೆ, ಆದರೆ ಬಸ್ಸಿನ ಬೋರ್ಡನ್ನು ಒಮ್ಮೆ ಓದಿ ನೋಡಿ. ರಕ್ತದಲ್ಲಿ ಸಕ್ಕರೆ ಏರಿಳಿದಾಗಲೂ ನಂಬರು ಹೀಗೆ ಓಲಾಡುತ್ತದೆ. ಆದ್ದರಿಂದ ಸಕ್ಕರೆ ಹತೋಟಿಗೆ ಬರುವ ಮೊದಲು ಹೊಸ ಕನ್ನಡಕ ಮಾಡಿಸಿದರೆ ದುಡ್ಡು ದಂಡ.

ಆದರೆ ನನಗೆ ಚಿಂತೆಯಿರುವುದು ಪೊರೆಯ ಬಗ್ಗೆ ಅಲ್ಲ, ನಿಮ್ಮ ಹನ್ನೊಂದು ವರ್ಷಗಳ ಬಗ್ಗೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಯ ರೆಟಿನಾದ ಸೂಕ್ಷ್ಮ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ, ಮತ್ತು ಆರಂಭದಲ್ಲಿ ನೋವಾಗಲಿ ಮಂಜಾಗಲಿ ಇರುವುದಿಲ್ಲ. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆ ಪತ್ತೆಯಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ರೆಟಿನಾ ಪರೀಕ್ಷೆ ಆಗಬೇಕು. ಡ್ರಾಪ್ಸ್ ಹಾಕಿ ಪಾಪೆಯನ್ನು ಅಗಲಿಸಿ ನೋಡುವುದರಿಂದ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಸ್ಕೂಟರಿನಲ್ಲಿ ಹೋಗದೆ ಮಗಳನ್ನು ಜೊತೆಯಲ್ಲಿ ಕರೆದುಕೊಂಡು ಬನ್ನಿ. ಅದೇ ಭೇಟಿಯಲ್ಲಿ ಕಣ್ಣಿನ ಒತ್ತಡವನ್ನೂ ಅಳೆಯುತ್ತಾರೆ. ಗ್ಲಾಕೋಮಾ ಕೂಡ ಅಂಚಿನ ದೃಷ್ಟಿಯನ್ನು ಸದ್ದಿಲ್ಲದೆ ಕದಿಯುವಂಥದ್ದು, ಕಳೆದುಹೋದದ್ದು ಮರಳಿ ಬರುವುದಿಲ್ಲ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂಬುದನ್ನು ನೆನಪಿಸಿಕೊಂಡು ಬನ್ನಿ.

ಪೊರೆ ಬಲಿಯಲಿ ಎಂಬ ಮಾತು ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಕಾಲದ್ದು. ಆಗ ಮಸೂರವನ್ನು ಇಡಿಯಾಗಿ ತೆಗೆದು ಸೋಡಾಬಾಟಲಿಯ ತಳದಂಥ ದಪ್ಪ ಕನ್ನಡಕ ಕೊಡುತ್ತಿದ್ದರು, ಆದ್ದರಿಂದ ಕಾಯುವುದರಲ್ಲಿ ಅರ್ಥವಿತ್ತು. ಈಗ ಎರಡು ಮೂರು ಮಿಲಿಮೀಟರಿನಷ್ಟು ಸಣ್ಣ ಗಾಯದ ಮೂಲಕ ಪೊರೆಯನ್ನು ಪುಡಿಮಾಡಿ ಹೀರಿ, ಮಡಚಿದ ಲೆನ್ಸನ್ನು ಒಳಗಿಡುತ್ತಾರೆ. ಅತಿಯಾಗಿ ಬಲಿತು ಕಲ್ಲಿನಂತಾದರೆ ಈ ಕೆಲಸವೇ ಕಷ್ಟವಾಗುತ್ತದೆ. ನಿತ್ಯದ ಕೆಲಸಗಳಿಗೆ ಅಡಚಣೆಯಾದಾಗ ತೆಗೆಸುವುದು ಸರಿ. ಪೊರೆಯನ್ನು ಕರಗಿಸುವ ಡ್ರಾಪ್ಸ್ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಅಂಥದ್ದು ಇಲ್ಲ. ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಲು ಖರ್ಚಿನ ಚಿಂತೆಯೂ ಬೇಡ.

ಪೊರೆ ತೆಗೆಸಿದ ಮೇಲೆ ನಿಮಗೂ ಡ್ರಾಪ್ಸ್ ಬರೆದುಕೊಡುತ್ತಾರೆ. ಬಾಟಲಿಯ ಅರ್ಧ ಕೆನ್ನೆಯ ಮೇಲೇ ಹರಿದುಹೋಗುತ್ತದೆ ಎಂದು ಬೇರೆ ಮೂವರು ಬರೆದಿರುವುದರಿಂದ ಹಾಕುವ ಬಗೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದರೆ ಒಂದು ಪುಟ್ಟ ಜೋಳಿಗೆಯಾಗುತ್ತದೆ. ಅದರಲ್ಲಿ ಒಂದು ಹನಿಗೂ ಪೂರ್ತಿ ಜಾಗವಿಲ್ಲ. ಆದ್ದರಿಂದ ಎರಡನೆಯ ಹನಿ ಬರೀ ನಷ್ಟ. ಬಾಟಲಿಯ ಮೂತಿ ರೆಪ್ಪೆಗೆ ತಾಗದಂತೆ ಒಂದು ಹನಿ ಹಾಕಿ, ಕಣ್ಣನ್ನು ಹಿಂಡದೆ ಸುಮ್ಮನೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಒತ್ತದಿದ್ದರೆ ಔಷಧ ಮೂಗಿನ ಮೂಲಕ ಗಂಟಲಿಗಿಳಿದು ಕಹಿಯಾಗುತ್ತದೆ, ಟಿಮೊಲಾಲ್‌ನಂಥ ಗ್ಲಾಕೋಮಾ ಡ್ರಾಪ್ಸ್ ಆಸ್ತಮಾ ಇರುವವರಿಗೆ ಉಬ್ಬಸವನ್ನೂ ತರಬಲ್ಲದು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿ ತೆರೆದ ತಾರೀಖನ್ನು ಅದರ ಮೇಲೆಯೇ ಬರೆದು, ತಿಂಗಳಾದ ಮೇಲೆ ಉಳಿದಿದ್ದರೂ ಎಸೆಯಿರಿ.

ಪ್ರಶ್ನೆ: ಶನಿವಾರದ ಆಂಜನೇಯನ ಪೂಜೆಗೆ ಎಕ್ಕದ ಹೂವಿನ ಹಾರ ಕಟ್ಟುತ್ತೇನೆ. ಹೋದ ವಾರ ಹೂ ಕೀಳುವಾಗ ಹಾಲು ಕಣ್ಣಿಗೆ ಸಿಡಿಯಿತು. ನೋವೇನೂ ಇರಲಿಲ್ಲ, ಸುಮ್ಮನಾದೆ. ಮರುದಿನ ಎಲ್ಲವೂ ಹೊಗೆಯಲ್ಲಿ ನೋಡಿದಂತೆ ಕಂಡಿತು. ಸುಣ್ಣ ಬಿದ್ದಷ್ಟು ಅಪಾಯವೇ ಇದು?
— ಹೂವಿನ ವ್ಯಾಪಾರಿ, ಕೋಲಾರ

ಉತ್ತರ: ಎಕ್ಕದ ಹಾಲು ಮೋಸ ಮಾಡುವುದೇ ಹೀಗೆ. ಅದು ಕಾರ್ನಿಯಾವನ್ನು ಮರಗಟ್ಟಿಸುವುದರಿಂದ ನೋವು ತಿಳಿಯುವುದಿಲ್ಲ. ಒಳಗಿನ ಪದರಕ್ಕೆ ಪೆಟ್ಟಾಗಿ ನೀರು ತುಂಬಿಕೊಂಡು ಊದುವುದರಿಂದ ಹೊಗೆ ಮುಸುಕಿದಂತೆ ಕಾಣುತ್ತದೆ. ಇಂದೇ ವೈದ್ಯರಲ್ಲಿಗೆ ಹೋಗಿ, ಎಕ್ಕದ ಹಾಲು ಎಂದು ಸ್ಪಷ್ಟವಾಗಿ ಹೇಳಿ. ಬೇಗ ಚಿಕಿತ್ಸೆ ಸಿಕ್ಕಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಮೊದಲ ಉತ್ತರದಲ್ಲಿ ನಾನು ಬೈದ ಅದೇ ಸ್ಟೀರಾಯ್ಡ್ ಡ್ರಾಪ್ಸನ್ನು ಇದಕ್ಕೆ ವೈದ್ಯರೇ ಬರೆದುಕೊಡಬಹುದು, ಆಗ ಹೆದರಬೇಡಿ. ಹುಣ್ಣಿಲ್ಲವೆಂದು ಕಣ್ಣನ್ನು ಯಂತ್ರದಲ್ಲಿ ನೋಡಿ, ಎಷ್ಟು ದಿನವೆಂದು ಲೆಕ್ಕ ಹಾಕಿ ಅವರು ಕೊಡುತ್ತಾರೆ.

ಸುಣ್ಣ ಇದಕ್ಕಿಂತಲೂ ಅಪಾಯಕಾರಿ. ಎಲೆಯಡಿಕೆಯ ಜೊತೆ ಸಿಗುವ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಚುಕಿ, ಅದು ಒಡೆದು ಕಣ್ಣಿಗೆ ಹಾರಿದರೆ ಕಾರ್ನಿಯಾ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಆಗ ಆಟೊ ಹುಡುಕಿಕೊಂಡು ಓಡುವ ಮೊದಲು ಅಲ್ಲೇ ನಲ್ಲಿಯ ಕೆಳಗೆ ರೆಪ್ಪೆಯನ್ನು ಬಿಡಿಸಿ ಹಿಡಿದು ಅರ್ಧ ಗಂಟೆಯಾದರೂ ತೊಳೆಯಬೇಕು, ಅಂಟಿದ ಸುಣ್ಣದ ಚೂರನ್ನು ಒದ್ದೆ ಹತ್ತಿಯಿಂದ ತೆಗೆಯಬೇಕು, ಆಮೇಲೆ ಆಸ್ಪತ್ರೆ. ಎಕ್ಕದ ಹಾಲಿಗೂ ಮೊದಲ ಕೆಲಸ ಇದೇ. ಹೂ ಕೀಳಲು ಹೋಗುವಾಗ ಬುಟ್ಟಿಯ ಜೊತೆಗೆ ಒಂದು ಬಾಟಲಿ ನೀರನ್ನೂ ಒಯ್ಯಿರಿ, ಗಿಡ ಎತ್ತರವಿದ್ದರೆ ರೆಂಬೆಯನ್ನು ಮುಖದ ಮೇಲಕ್ಕೆ ಬಗ್ಗಿಸಿಕೊಳ್ಳದೆ ಪಕ್ಕಕ್ಕೆ ನಿಂತು ಕೀಳಿರಿ.